ಸಾರಿನಲ್ಲಿದ್ದ ಸಿಹಿ

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಹಿಡಿದಿಟ್ಟೆ. ಬೇಳೆ ಬೇಯಲು ಇಟ್ಟೆ. ಹುಣಿಸೆಹಣ್ಣು ಕಿವುಚಿ, ರಸವನ್ನು ಅತ್ತೆಯವರ ಈಯದ ಚೊಂಬಿಗೆ ಸುರಿದು, ಆಮೇಲೆ ಒಲೆ ಹಚ್ಚಿದೆ. ಈ ಕ್ರಮ ತಪ್ಪಬಾರದು. ಈಯದ ಚೊಂಬೆಂದರೆ ತವರದಿಂದ ಮಾಡಿದ ಸಾರಿನ ಪಾತ್ರೆ. ಬೆಳ್ಳಿಯ ಹಾಗೆ ಕಾಣುತ್ತದೆ, ಬರಿದಾಗಿ ಬೆಂಕಿಯ ಮೇಲಿಟ್ಟರೆ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ನಮ್ಮಂಥ ಮನೆಗಳಲ್ಲಿ ಹೊಸ ಸೊಸೆಗೆ ಕಲಿಸುವ ಮೊದಲ ಪಾಠವೇ ಇದು: ಮೊದಲು ನೀರು, ಆಮೇಲೆ ಬೆಂಕಿ.

ನನ್ನ ಗಂಡ ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದರು. ಅವರು ತಿರುಮಕೂಡಲು ನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ನಮ್ಮ ಮನೆ ನಂಜನಗೂಡಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹೊರಡುವ ಮುಂಚೆ ಒಂದು ಲೋಟ ಬಿಸಿ ಸಾರು ಕುಡಿಯಬೇಕು, ಕಾಫಿಗಿಂತ ಅದೇ ಬೇಕು. ಸಂಜೆ ಬಂದ ಮೇಲೆ ಅದೇ ಚೊಂಬಿನಲ್ಲಿ ಉಳಿದದ್ದನ್ನು ಕಾಯಿಸಿ ಇನ್ನೊಂದು ಲೋಟ. ನನಗೆ ಹುಳಿ ಆಗಿಬರುವುದಿಲ್ಲ, ಎದೆ ಉರಿಯುತ್ತದೆ. ನಾನು ಮಜ್ಜಿಗೆಯವಳು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

"ನಿನ್ನ ಸಾರಿನಲ್ಲಿ ಒಂದು ಸಿಹಿ ಇದೆ ಕಣೇ" ಎಂದರು. "ಬೆಲ್ಲದ ಸಿಹಿ ಅಲ್ಲ. ಅಮ್ಮನ ಸಾರಿನಲ್ಲೂ ಇರಲಿಲ್ಲ."

ಬೆಲ್ಲ ನಾನು ಹಾಕುತ್ತಲೇ ಇರಲಿಲ್ಲ. ಆದರೂ ಖುಷಿಯಾಯಿತು. ಅತ್ತೆಯ ಕೈರುಚಿಗಿಂತ ಮೇಲು ಎಂದು ಗಂಡನ ಬಾಯಲ್ಲಿ ಬರುವುದು ಸಣ್ಣ ಮಾತೇನಲ್ಲ.

ಲೋಟ ಕೆಳಗಿಟ್ಟು ಎಂದಿನಂತೆ ಒಂದು ಒಗಟು ಹಾಕಿದರು. ತರಗತಿಯಲ್ಲಿ ಅವರು ನಡೆಸುತ್ತಿದ್ದ ಆಟ ಅದು. ಮೂಲಧಾತುವಿನ ಗುಣಗಳನ್ನು ಒಂದೊಂದಾಗಿ ಹೇಳುವುದು, ಹುಡುಗರು ಹೆಸರು ಹೇಳಬೇಕು. ಹೊಸದನ್ನು ಮೊದಲು ನನ್ನ ಮೇಲೆ ಪ್ರಯೋಗಿಸುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದ ನನಗೆ ಗೊತ್ತಾದರೆ ಅವರ ಹುಡುಗರಿಗೂ ಗೊತ್ತಾಗುತ್ತದೆ ಎಂಬ ಲೆಕ್ಕ.

"ನಾನು ಲೋಹ. ಆದ್ರೆ ಚಾಕು ಹಾಕಿ ಹೆಚ್ಚಬಹುದು. ನೀರಿಗೆ ಹಾಕಿದ್ರೆ ಬುಸುಗುಟ್ಟಿಕೊಂಡು ಓಡಾಡ್ತೀನಿ. ಅದಕ್ಕೇ ನನ್ನನ್ನ ಸೀಮೆಎಣ್ಣೇಲಿ ಮುಳುಗಿಸಿ ಇಡ್ತಾರೆ. ನಾನ್ಯಾರು?"

"ಸೋಡಿಯಂ. ಹೋದ ವರ್ಷನೂ ಇದನ್ನೇ ಕೇಳಿದ್ರಿ."

"ನನ್ನ ಜ್ವಾಲೆ ಯಾವ ಬಣ್ಣ?"

"ಹಳದಿ."

"ಹಳದಿ ಕಂಡ ತಕ್ಷಣ ಸೋಡಿಯಂ ಅನ್ನಬಹುದಾ?"

"ಅನ್ನಬಾರದು. ಉಪ್ಪು ಮುಟ್ಟಿದ ಕೈಯಲ್ಲಿ ತಂತಿ ಮುಟ್ಟಿ ಉರಿಗೆ ಹಿಡಿದ್ರೂ ಹಳದಿ ಬರತ್ತೆ."

"ಪಾಸು" ಎಂದು ಎದ್ದರು. ಒಂದು ಗುಣ ನೋಡಿ ಹೆಸರಿಡಬಾರದು, ಬಣ್ಣವೊಂದೇ ಸಾಲದು, ತೂಕ ನೋಡಬೇಕು, ಆಮ್ಲಕ್ಕೆ ಏನು ಹೇಳುತ್ತದೆ ಕೇಳಬೇಕು ಎನ್ನುವುದು ಅವರ ವೃತ್ತಿಯಲ್ಲಿ ಅವರಿಗಿದ್ದ ಒಂದೇ ಹಟ. ಆ ಹಟವನ್ನು ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಕಲಿಸಿದರು! ಒಬ್ಬರಿಗೂ ಅದು ಹತ್ತಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಅಂಗಿಯ ಗುಂಡಿ ಹಾಕಿಕೊಳ್ಳಲು ಅವರ ಬಲಗೈ ತಡವರಿಸಿತು. ನಾನು ಹಾಕಿದೆ. ಕೆಲವು ತಿಂಗಳಿಂದ ಹಾಗೇ ಆಗುತ್ತಿತ್ತು. ಹೊಟ್ಟೆಯೂ ಆಗಾಗ ಹಿಡಿದು ಹಿಂಡುತ್ತಿತ್ತು. ಒಬ್ಬ ಡಾಕ್ಟರು ಗ್ಯಾಸ್ ಎಂದಿದ್ದರು, ಇನ್ನೊಬ್ಬರು ಹುಣ್ಣು ಎಂದಿದ್ದರು, ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದರು. ಆ ಮಾತ್ರೆಯನ್ನೂ ಅವರು ಸಾರಿನ ಜೊತೆಗೇ ನುಂಗುತ್ತಿದ್ದರು.

ಸಂಜೆ ಬರುವಾಗ ರಸಬಾಳೆ ತಂದರು. ನಾಳೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಬೇಗ ಹೋಗಬೇಕು ಎಂದರು. ಬೇಗ ಮಲಗಿದೆವು. ಹಾಗೆ ಒಂದು ದಿನ ಮುಗಿಯಿತು.

ಮರುದಿನ ಪ್ರಯೋಗಾಲಯದಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು. ಒಬ್ಬ ಹುಡುಗ ಪ್ರನಾಳವನ್ನು ನೇರವಾಗಿ ಉರಿಯ ಮೇಲೆ ಹಿಡಿದಿದ್ದನಂತೆ. ಇವರು ಹೋಗಿ, ಹೀಗಲ್ಲ, ಓರೆಯಾಗಿ ಹಿಡಿ ಎಂದು ತೋರಿಸಲು ಅದನ್ನು ಇಸಿದುಕೊಂಡರು. ಅಷ್ಟರಲ್ಲಿ ಮಣಿಕಟ್ಟು ಜೋತುಬಿತ್ತು. ಕೈ ಇದೆ, ಬೆರಳು ಇವೆ, ಮೇಲೆತ್ತಲು ಆಗುತ್ತಿಲ್ಲ. ಪ್ರನಾಳ ಬಿದ್ದು ಒಡೆದು ಆಮ್ಲ ಮೇಜಿನ ಮೇಲೆಲ್ಲ ಚೆಲ್ಲಿತು. ಪರೀಕ್ಷಕರು ನೋಡುತ್ತಿದ್ದರು. ಅವಮಾನಕ್ಕೋ ನೋವಿಗೋ ಇವರು ಆ ಹುಡುಗನನ್ನು ಬೈದರು, ಎಂದೂ ಬಾಯಲ್ಲಿ ಬರದ ಮಾತಿನಲ್ಲಿ ಬೈದರು. ಬೈಯುತ್ತಿದ್ದಂತೆಯೇ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತರು. ಪ್ರಿನ್ಸಿಪಾಲರು ಬಂದು ಯಾರದೋ ಕಾರಿನಲ್ಲಿ ಮನೆಗೆ ಕಳಿಸಿದರು. ರಜೆ ಹಾಕಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಯಾವ ಕಾಯಿಲೆ ಎಂದು ಕೇಳಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು.

ಯಾಕೆ ಕೇಳಲಿಲ್ಲ ಎನ್ನುವುದು ರಜೆ ಅರ್ಜಿ ಕೊಡಲು ನಾನು ನರಸೀಪುರಕ್ಕೆ ಹೊರಟ ದಿನ ಗೊತ್ತಾಯಿತು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅದೇ ಕಾಲೇಜಿನ ಇಬ್ಬರು ಹುಡುಗರು ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಕೆಮಿಸ್ಟ್ರಿ ಮೇಷ್ಟ್ರು ಇನ್ನೂ ಬಂದಿಲ್ವೇನ್ಲಾ?"

"ಎಲ್ ಬತ್ತಾರೆ? ಬೆಳಬೆಳಿಗ್ಗೆನೇ ಏರ್ಸ್ಕಂಡು ಬತ್ತಿದ್ರಂತೆ."

"ಸುಮ್ನಿರ್ಲಾ. ಅವ್ರು ಐನೋರು ಕಣ್ಲಾ."

"ಐನೋರಾದ್ರೆ ಗಂಟ್ಲು ಇರಕಿಲ್ವಾ? ಲ್ಯಾಬಲ್ಲಿ ಸ್ಪಿರಿಟ್ ಬಾಟ್ಲಿ ಸಾಲಾಗಿ ಮಡಗವ್ರೆ. ಇವತ್ತು ಎಷ್ಟೈತೆ ನಾಳೆ ಎಷ್ಟೈತೆ, ಯಾವನು ನೋಡ್ತಾನೆ?"

ಇಬ್ಬರೂ ನಕ್ಕರು. ಆಮೇಲೆ ಎರಡನೆಯವನು ನಗು ನಿಲ್ಲಿಸಿ ಹೇಳಿದ: "ತಮಾಸೆ ಅಲ್ಲ ಕಣ್ಲಾ. ಕೈ ಅಂಗೇ ನಡುಗೋದು, ಸುಮ್ ಸುಮ್ಕೆ ರೇಗೋದು, ಒಟ್ಟೆ ಇಡ್ಕಂಡು ಕೂರೋದು... ನಮ್ಮಪ್ಪನ್ನ ದಿನಾ ನೋಡಕಿಲ್ವಾ ನಾನು? ನಂಗೊತ್ತಾಯ್ತದೆ."

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ತನ್ನ ಮನೆಯಲ್ಲಿ ಕಂಡದ್ದನ್ನು ಇಲ್ಲಿ ಗುರುತಿಸಿದ್ದ. ಸಿಟ್ಟು ಬಂದದ್ದು ಕಾಲೇಜಿನ ಸ್ಟಾಫ್ ರೂಮಿಗೆ ಹೋದಾಗ. ಎಂ.ಎಸ್ಸಿ. ಓದಿದವರು, ಇವರ ಜೊತೆ ಇಷ್ಟು ವರ್ಷ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದವರು, ನನ್ನನ್ನು ನೋಡಿ ಕನಿಕರದಿಂದ ಎದ್ದು ನಿಂತರು. ಆ ಕನಿಕರ ಕಾಯಿಲೆಯವನ ಹೆಂಡತಿಗೆ ತೋರಿಸುವಂಥದ್ದಲ್ಲ. ಅದು ಬೇರೆ ಬಗೆಯದು. ಹೆಂಗಸರಿಗೆ ತಕ್ಷಣ ಗೊತ್ತಾಗುತ್ತದೆ.

ನನ್ನ ಗಂಡ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಇದನ್ನು ಇಲ್ಲಿ ಒಮ್ಮೆ ಸ್ಪಷ್ಟವಾಗಿ ಬರೆಯುತ್ತೇನೆ.

ಆ ಭಾನುವಾರ ಭಾವನವರು ಬಂದರು. ಅವರು ನನ್ನ ಗಂಡನ ಅಣ್ಣ, ನರಸೀಪುರದಲ್ಲಿ ಪುರೋಹಿತರು. ಸಂಗಮದ ದಡದಲ್ಲಿ ಅಪರಕರ್ಮ ಮಾಡಿಸುತ್ತಾರೆ. ಅಸ್ಥಿ ತಂದವರೆಲ್ಲ ಅವರನ್ನು ಹುಡುಕಿಕೊಂಡು ಬರುತ್ತಾರೆ. ಊರಲ್ಲಿ ಅವರ ಮಾತಿಗೆ ತೂಕವಿದೆ. ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತರು. ಎರಡು ಸಲ ಸಾರು ಹಾಕಿಸಿಕೊಂಡರು. ಚೆನ್ನಾಗಿದೆ ಎಂದರು. ಕೈ ತೊಳೆದು ಬಂದ ಮೇಲೆ ತಮ್ಮನ ಎದುರು ಕೂತರು.

"ಲೋ, ನಿಜ ಹೇಳೋ. ನಾನು ಬೈಯಲ್ಲ."

"ಏನಣ್ಣ ನಿಜ?"

"ಊರೆಲ್ಲ ಆಡ್ಕೋತಿದೆ. ಅಮ್ಮನ ಮೇಲೆ ಆಣೆ ಇಟ್ಟು ಹೇಳು, ಕುಡಿಯಲ್ಲ ಅಂತ."

ನನ್ನ ಗಂಡ ನಕ್ಕರು. "ಕುಡೀತೀನಿ. ದಿನಾ ಎರಡು ಲೋಟ. ಅಮ್ಮನ ಚೊಂಬಲ್ಲೇ ಮಾಡಿದ್ದು."

ಭಾವನವರು ನಗಲಿಲ್ಲ. "ಹುಡುಗಾಟ ಬೇಡ ಕಣೋ. ಬಿಟ್ಟುಬಿಡು. ಎಂಥೆಂಥವರೋ ಬಿಟ್ಟಿದ್ದಾರೆ" ಎಂದು ಎದ್ದರು. ಹೊರಡುವಾಗ ನನಗೆ, "ನಂಜುಂಡ ನೋಡ್ಕೋತಾನಮ್ಮ" ಎಂದರು.

ಅಣ್ಣ ಹೋದ ಮೇಲೆ ಇವರು ನನ್ನ ಕೈಗನ್ನಡಿ ಇಸಿದುಕೊಂಡು ಕಿಟಕಿಯ ಹತ್ತಿರ ಹೋಗಿ ತುಟಿ ಎತ್ತಿ ಒಸಡು ನೋಡಿಕೊಂಡರು. ನನ್ನನ್ನು ಕರೆದರು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ನೀಲಿ ಗೆರೆ ಇತ್ತು.

"ಒಗಟು ಹೇಳ್ತೀನಿ, ಬಿಡಿಸು" ಎಂದರು.

"ನಿಮಗೆ ಬೇರೆ ಕೆಲಸ ಇಲ್ವಾ?"

"ಕೇಳೇ. ನಾನು ಒಳಗೆ ಹೋದ್ರೆ ಮಣಿಕಟ್ಟು ಜೋತುಬೀಳತ್ತೆ. ಹೊಟ್ಟೆ ಹಿಂಡತ್ತೆ. ರಕ್ತ ತೆಳ್ಳಗಾಗತ್ತೆ. ಮನುಷ್ಯ ಸುಮ್ಮಸುಮ್ಮನೆ ರೇಗ್ತಾನೆ. ಒಸಡಿಗೆ ನೀಲಿ ಗೆರೆ ಬರೀತೀನಿ. ನಾನ್ಯಾರು?"

ನನಗೆ ಗೊತ್ತಾಗಲಿಲ್ಲ. ಅದು ನನಗೆ ಬಿಡಿಸಲಾಗದ ಮೊದಲನೆಯ ಒಗಟೇನಲ್ಲ. ಅವರೇ ಹೇಳಿದರು: "ಸೀಸ. ನಾನು ಎಲ್ಲಿಂದಲೋ ಸೀಸ ತಿಂತಿದೀನಿ."

ಅಲ್ಲಿಂದ ಹುಡುಕಾಟ ಶುರುವಾಯಿತು. ಕೈಗಾರಿಕಾ ಪ್ರದೇಶದ ನೀರಿರಬಹುದೆಂದರು, ನೀರು ಪರೀಕ್ಷಿಸಿದರು. ಇಲ್ಲ. ಗೋಡೆಯ ಹಳೆಯ ಬಣ್ಣ ಕೆರೆದು ನೋಡಿದರು. ಹೊಟ್ಟೆನೋವಿಗೆ ಯಾರೋ ಕೊಟ್ಟಿದ್ದ ಭಸ್ಮ, ದೇವರ ಮನೆಯ ಕುಂಕುಮ, ಅರಿಸಿನದ ಪುಡಿ, ಎಲ್ಲವೂ ಮೇಜಿಗೆ ಬಂದವು. ಹೆಮ್ಮಿಗೆ, ಚಿಕ್ಕಯ್ಯನಛತ್ರ ಕಡೆಯ ಶಾಲೆಗಳಿಗೆ ಹೋಗಿ ಪ್ರಯೋಗ ತೋರಿಸಲು ಅವರು ಒಂದು ತಗಡಿನ ಪೆಟ್ಟಿಗೆಯಲ್ಲಿ ಬಾಟಲಿಗಳನ್ನು ಇಟ್ಟುಕೊಂಡಿದ್ದರು. ಅದರಲ್ಲಿದ್ದ ರಾಸಾಯನಿಕಗಳೇ ಆಧಾರ. ಅವರ ಕೈಗೆ ಬಲವಿರಲಿಲ್ಲ. ಅವರು ಹೇಳುವುದು, ನಾನು ಸುರಿಯುವುದು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಡೆ ಒಗ್ಗರಣೆ ಸೌಟು, ಒಂದು ಕಡೆ ಪ್ರನಾಳ. ಯಾವುದೂ ಅಲ್ಲ ಎಂದಾದಾಗಲೆಲ್ಲ ಅವರಿಗೆ ಹುರುಪು. ಕಾಯಿಲೆ ಮರೆತುಹೋಗಿತ್ತು.

ಆ ಎಲ್ಲ ದಿನಗಳಲ್ಲೂ ಹುಡುಕಾಟದ ನಡುವೆ ಒಲೆಯ ಮೇಲೆ ಸಾರು ಕುದಿಯುತ್ತಲೇ ಇತ್ತು.

ಒಂದು ಮಧ್ಯಾಹ್ನ ನಾನು ಕೇಳಿದೆ: "ಪಾತ್ರೆಗಳನ್ನ ನೋಡಲಿಲ್ವಲ್ಲ?"

"ಸ್ಟೀಲು, ಹಿತ್ತಾಳೆ. ಅದರಲ್ಲೇನಿದೆ?"

"ಚೊಂಬು?"

"ಅದು ಅಮ್ಮಂದು" ಎಂದರು, ಅದೇ ಒಂದು ಪರೀಕ್ಷೆ ಎನ್ನುವ ಹಾಗೆ.

ಆ ಚೊಂಬು ನಮಗೆ ಬಂದದ್ದು ಅತ್ತೆ ತೀರಿಕೊಂಡು ವರ್ಷಾಬ್ದಿಕ ಮುಗಿದ ಮೇಲೆ. ಅತ್ತೆ ಕೊನೆಯವರೆಗೆ ನರಸೀಪುರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಅಮ್ಮನ ನೆನಪಿಗೆ ನಿನಗೇನು ಬೇಕು ಎಂದು ಅಣ್ಣ ಕೇಳಿದಾಗ ಇವರು ಕೇಳಿದ್ದು ಅದೊಂದನ್ನೇ. ಆ ದಿನ ಕೊಡಲಿಲ್ಲ, ಮಡಿಕೋಣೆಯಲ್ಲಿ ಎಲ್ಲೋ ಇದೆ, ಹುಡುಕಿ ಕೊಡುತ್ತೇವೆ ಎಂದರು. ಆಮೇಲೆ ಭಾವನವರೇ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಇವರು ಅದನ್ನು ಕಣ್ಣಿಗೊತ್ತಿಕೊಂಡರು. ಆಸ್ತಿಯಲ್ಲಿ ಒಂದು ಮಾತೂ ಆಡದೆ ಅಣ್ಣನಿಗೆ ಬಿಟ್ಟುಕೊಟ್ಟ ಮನುಷ್ಯ, ಚೊಂಬು ಸಿಕ್ಕಿತೆಂದು ವಾರವೆಲ್ಲ ಸಂತೋಷವಾಗಿದ್ದರು.

ನಾನು ಪಟ್ಟು ಬಿಡಲಿಲ್ಲ. ಕೊನೆಗೆ, ನನ್ನ ಸಮಾಧಾನಕ್ಕೆಂದು, ಸ್ಪ್ರಿಂಗ್ ತಕ್ಕಡಿ ತೆಗೆಸಿದರು. ಚೊಂಬನ್ನು ದಾರದಲ್ಲಿ ಕಟ್ಟಿ ತೂಗು ಎಂದರು, ತೂಗಿದೆ. ಈಗ ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗು ಎಂದರು, ತೂಗಿದೆ. ನೀರಿನಲ್ಲಿ ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸು ಎಂದರು. ತವರವಾದರೆ ಏಳರ ಮೇಲೆ ಸ್ವಲ್ಪ ಬರಬೇಕಂತೆ. ನನಗೆ ಹನ್ನೊಂದರ ಹತ್ತಿರ ಬಂತು.

"ತಪ್ಪು ಮಾಡಿದೀಯ. ಮತ್ತೆ ಮಾಡು."

ಮತ್ತೆ ಮಾಡಿದೆ. ಮತ್ತೆ ಹನ್ನೊಂದು.

ಅವರು ಚೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಬಿಳಿಯ ಕಾಗದಕ್ಕೆ ಅದರ ಅಂಚನ್ನು ಉಜ್ಜಿದರು. ಬೂದು ಗೆರೆ ಬಿತ್ತು. ತವರ ಹಾಗೆ ಬರೆಯುವುದಿಲ್ಲ, ಸೀಸ ಬರೆಯುತ್ತದೆ. ಆಮೇಲೆ ಅವರ ಮಾತಿನಂತೆ ನಾನು ಚೊಂಬಿಗೆ ವಿನೆಗರ್ ಹಾಕಿ ಕುದಿಸಿ, ಆ ತಿಳಿಯನ್ನು ಪ್ರನಾಳಕ್ಕೆ ಬಗ್ಗಿಸಿ, ಪೊಟ್ಯಾಸಿಯಂ ಅಯೊಡೈಡಿನ ನಾಲ್ಕು ಹನಿ ಬಿಟ್ಟೆ. ತಿಳಿ ನೀರು ಒಮ್ಮೆಗೇ ಹಳದಿಯಾಯಿತು, ಅರಿಸಿನ ಕದಡಿದ ಹಾಗೆ. ಇನ್ನಷ್ಟು ನೀರು ಸೇರಿಸಿ ಬಿಸಿ ಮಾಡಲು ಹೇಳಿದರು. ಬಿಸಿಯಾದಂತೆ ಹಳದಿ ಕರಗಿ ಮತ್ತೆ ತಿಳಿಯಾಯಿತು. ಆರಲು ಬಿಟ್ಟೆವು. ಆರುತ್ತಾ ಆರುತ್ತಾ ಪ್ರನಾಳದೊಳಗೆ ಚಿನ್ನದ ಚಿಕ್ಕ ಚಿಕ್ಕ ರೇಕುಗಳು ಹುಟ್ಟಿ, ಹೊಳೆಯುತ್ತಾ ಕೆಳಗಿಳಿಯತೊಡಗಿದವು.

"ಎಷ್ಟು ಚೆನ್ನಾಗಿದೆ ನೋಡೇ" ಎಂದರು.

ಮೇಷ್ಟ್ರು ಅಲ್ಲವೇ. ಅವರಿಗೆ ಆ ಕ್ಷಣದಲ್ಲೂ ಚೆನ್ನಾಗಿ ಕಂಡಿತು. ನಾನು ಅಷ್ಟು ಸುಂದರವಾದ, ಅಷ್ಟು ಹೇಸಿಗೆಯ ವಸ್ತುವನ್ನು ಇನ್ನೊಂದು ಕಂಡಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು: "ಸೀಸ ಹುಳಿ ಜೊತೆ ಸೇರಿದ್ರೆ ಸಿಹಿಯಾಗತ್ತೆ. ಪಾಠದಲ್ಲಿ ಎಷ್ಟು ಸಲ ಹೇಳಿದೀನಿ. ಹಿಂದಿನ ಕಾಲದೋರು ಅದಕ್ಕೆ ಸೀಸದ ಸಕ್ಕರೆ ಅಂತಲೇ ಕರೀತಿದ್ರು."

ನನ್ನ ಕೈರುಚಿ ಎಂದುಕೊಂಡಿದ್ದೆನಲ್ಲ, ಅದು.

ಮೈಸೂರಿಗೆ ಹೋಗಿ ರಕ್ತ ಕೊಟ್ಟೆವು. ಅವರ ರಕ್ತದಲ್ಲಿ ಸೀಸ ತುಂಬಿತ್ತು. ನನ್ನದರಲ್ಲೂ ಇತ್ತು, ಅವರಷ್ಟಿರಲಿಲ್ಲ. ಮಜ್ಜಿಗೆ ನನ್ನನ್ನು ಉಳಿಸಿತ್ತು. ಡಾಕ್ಟರು ಸೀಸವನ್ನು ಹೊರಹಾಕುವ ಔಷಧ ಶುರುಮಾಡಿದರು, ಆದರೆ ಮೂತ್ರಪಿಂಡಗಳು ಆಗಲೇ ಕೆಟ್ಟಿವೆ ಎಂದರು. "ಎಲ್ಲಿಂದ ಬಂತು?" ಎಂದು ಕೇಳಿದಾಗ ಇವರು ಹೇಳಲಿಲ್ಲ. ತಿಳಿಯದು ಎಂದರು. ನನಗೆ ಆಶ್ಚರ್ಯವಾಯಿತು. ಅಣ್ಣನನ್ನು ಮೊದಲು ಕೇಳಬೇಕು ಎನ್ನುವುದು ಅವರ ಮನಸ್ಸಿನಲ್ಲಿತ್ತು.

ನರಸೀಪುರಕ್ಕೆ ಹೋದೆವು. ಚೊಂಬು ನನ್ನ ಚೀಲದಲ್ಲಿತ್ತು. ಭಾವನವರ ಮನೆಯ ಹಜಾರದಲ್ಲಿ ಅದನ್ನು ಇಟ್ಟು ಇವರು ಕೇಳಿದರು: "ಅತ್ತಿಗೆ, ಇದು ಅಮ್ಮನ ಚೊಂಬಾ?"

ನನ್ನ ಓರಗಿತ್ತಿ ಒಮ್ಮೆ ಗಂಡನ ಮುಖ ನೋಡಿದರು. ಭಾವನವರು ಉತ್ತರೀಯ ಸರಿಮಾಡಿಕೊಂಡರು.

"ಹೇಳಿಬಿಡಿ ಅಂದ್ರೆ" ಎಂದರು ಓರಗಿತ್ತಿ ಗಂಡನಿಗೆ. "ಅವತ್ತೇ ಹೇಳೋಣ ಅಂದೆ ನಾನು." ಆಮೇಲೆ ತಾವೇ ಹೇಳಿದರು: "ಅತ್ತೆ ವರ್ಷಾಬ್ದಿಕದ ದಿನವೇ ಕಣಪ್ಪ. ಅಷ್ಟು ಜನ, ಅಷ್ಟು ಅಡುಗೆ. ಯಾರೋ ಚೊಂಬು ತೊಳೆದು ಒಲೆ ಮೇಲಿಟ್ಟಿದ್ರು. ನೀರು ಹಾಕಿದಾರೆ ಅಂದ್ಕೊಂಡು ಹಚ್ಚಿಬಿಟ್ಟೆ. ತಿರುಗಿ ನೋಡೋ ಅಷ್ಟರಲ್ಲಿ ಕರಗೋಯ್ತು. ಇಷ್ಟು ವರ್ಷ ಸಂಸಾರ ಮಾಡಿ ಹೊಸ ಸೊಸೆ ಮಾಡೋ ತಪ್ಪು ಮಾಡಿದೆ. ನೀನು ಅವತ್ತೇ ಅದನ್ನ ಕೇಳಬೇಕಾ?"

"ಅದಕ್ಕೆ?"

"ಅದಕ್ಕೆ ಇವರು ಹೋಗಿ ಅಂಥದ್ದೇ ಒಂದು ತಂದ್ರು. ಹಳೇ ಪಾತ್ರೆ ಅಂಗಡಿಯೋನು ಅಪ್ಪಟ ಈಯ ಅಂದ. ಹೊಳೀತಿತ್ತು."

ಹೊಳೆಯುತ್ತಿತ್ತು. ಅಷ್ಟು ಸಾಕಾಯಿತು ಅವರಿಗೆ.

ಓರಗಿತ್ತಿ ಎದ್ದು ಒಳಗೆ ಹೋಗಿ, ಹಳೆಯ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಒಲೆಯ ಮೇಲೆ ಹರಿದು ಗಟ್ಟಿಯಾದ ಲೋಹದ ಗಟ್ಟಿ. ಒಂದು ಅಂಚಿನಲ್ಲಿ ನಾಲಿಗೆಯ ಹಾಗೆ ತೆಳ್ಳಗೆ ಚಾಚಿಕೊಂಡಿತ್ತು. ಎಸೆಯಲು ಮನಸ್ಸು ಬರದೆ ಇಟ್ಟುಕೊಂಡಿದ್ದರಂತೆ. ನನ್ನ ಗಂಡ ಅದನ್ನು ಎಡಗೈಯಲ್ಲಿ ಹಿಡಿದು, ಆ ತೆಳು ಭಾಗವನ್ನು ಕಿವಿಯ ಹತ್ತಿರ ತಂದು, ಗೋಡೆಗೆ ಒತ್ತಿ ಬಗ್ಗಿಸಿದರು. ಕಿರ್ರ್ ಎಂದು ಸಣ್ಣಗೆ ಒಂದು ಸದ್ದು ಬಂತು. ಶುದ್ಧ ತವರವನ್ನು ಬಗ್ಗಿಸಿದರೆ ಹಾಗೆ ಅಳುತ್ತದೆ, ಸೀಸ ಅಳುವುದಿಲ್ಲ. ಇದು ಅವರ ಒಗಟುಗಳಲ್ಲಿ ನನಗೆ ತುಂಬ ಇಷ್ಟವಾದದ್ದು.

"ಅಮ್ಮಂದೇ" ಎಂದರು. ಅವರ ಕಣ್ಣಲ್ಲಿ ನೀರು ಬಂತು. ಅಷ್ಟು ದಿನಗಳಲ್ಲಿ ಬಂದದ್ದು ಅದೊಂದೇ ಸಲ. ತಮ್ಮ ರಕ್ತದ ಸುದ್ದಿ ಕೇಳಿದಾಗಲೂ ಬಂದಿರಲಿಲ್ಲ.

ಆಗ ಭಾವನವರು ಮಾತಾಡಿದರು. ಸೀಸ ಎಂದು ನನಗೇನು ಗೊತ್ತು ಎಂದರು. ಅದು ನಿಜ. ಗೊತ್ತಿದ್ದರೆ ನಮ್ಮ ಮನೆಯಲ್ಲಿ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಧ್ವನಿ ತಗ್ಗಿಸಿದರು. "ನೋಡೋ, ಈ ಪಾತ್ರೆ ವಿಷಯ ಹೊರಗೆ ಬೇಡ. ತಮ್ಮನಿಗೆ ವಿಷದ ಪಾತ್ರೆ ಕೊಟ್ಟ, ಅದೂ ಸತ್ತ ತಾಯಿ ಹೆಸರಲ್ಲಿ ಸುಳ್ಳು ಹೇಳಿ ಕೊಟ್ಟ ಅಂದ್ರೆ, ನನ್ನನ್ನ ಯಾರು ಶ್ರಾದ್ಧಕ್ಕೆ ಕರೀತಾರೆ? ನೀನು ವಾಸಿಯಾಗು. ಪ್ರಿನ್ಸಿಪಾಲರ ಹತ್ರ ನಾನೇ ಹೋಗಿ, ನನ್ನ ತಮ್ಮ ಕುಡಿಯೋನಲ್ಲ, ಕಾಯಿಲೆ ಇತ್ತು ಅಂತ ಹೇಳ್ತೀನಿ. ನನ್ನ ಮಾತು ತೆಗೆದುಹಾಕಲ್ಲ ಅವರು."

"ಆಗ್ಲಿ ಅಣ್ಣ" ಎಂದರು ಇವರು.

ಬಸ್ಸಿನಲ್ಲಿ ನಾನು ಜಗಳವಾಡಿದೆ. "ಅವರ ಮರ್ಯಾದೆ ಉಳೀಬೇಕು. ನಿಮ್ಮದು?"

"ಅವನು ಹೇಳ್ತಾನೆ ಅಂದನಲ್ಲ."

"ಹೇಳದಿದ್ರೆ?"

"ಅಣ್ಣ ಕಣೇ" ಎಂದರು. ಚೊಂಬಿನ ವಿಷಯದಲ್ಲಿ ಅಮ್ಮಂದು ಎಂದಿದ್ದರಲ್ಲ, ಅದೇ ಧ್ವನಿ. ಜಗತ್ತಿನ ಎಲ್ಲ ವಸ್ತುವನ್ನೂ ಉಜ್ಜಿ, ಸುಟ್ಟು, ಆಮ್ಲಕ್ಕೆ ಹಾಕಿ ನೋಡುವ ಮನುಷ್ಯ, ತನ್ನವರೆಂದ ಕೂಡಲೇ ಕಣ್ಣು ಮುಚ್ಚಿ ನಂಬುತ್ತಿದ್ದರು. ಇದಕ್ಕಾಗಿ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ. ಸತ್ತವರನ್ನು ಬೈಯಬಾರದೆನ್ನುತ್ತಾರೆ. ಬೈಯದೆ ಹೇಗಿರಲಿ?

ಅವರು ವಾಸಿಯಾಗಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಮುಖ ಊದಿತು, ಕಾಲು ಊದಿತು, ಡಯಾಲಿಸಿಸ್ಸಿಗೆ ಮೈಸೂರಿಗೆ ಓಡಾಡುವುದೇ ಬದುಕಾಯಿತು. ಕಾಲೇಜಿಗೆ ಮತ್ತೆ ಕಾಲಿಡಲಿಲ್ಲ. ಕೊನೆಯ ದಿನಗಳಲ್ಲಿ ಒಗಟು ಹೇಳುತ್ತಿರಲಿಲ್ಲ. ಅಣ್ಣ ಹೋಗಿದ್ದನಾ ಎಂದು ಒಂದೆರಡು ಸಲ ಕೇಳಿದರು. ಹೋಗಿದ್ದರಂತೆ ಎಂದು ನಾನು ಹೇಳಿದೆ. ಹೋಗಿದ್ದರೋ ಇಲ್ಲವೋ ಆಗ ನನಗೆ ಗೊತ್ತಿರಲಿಲ್ಲ.

ಅಸ್ಥಿ ಸಂಗಮದಲ್ಲಿ ಬಿಟ್ಟೆವು. ಮಂತ್ರ ಹೇಳಿದವರು ಭಾವನವರೇ. ಅವರು ಅತ್ತರು, ಸುಳ್ಳು ಅಳುವಲ್ಲ. ಹದಿಮೂರನೆಯ ದಿನ ಕಾಲೇಜಿನವರು ಬಂದರು. ಊಟವಾದ ಮೇಲೆ ಒಬ್ಬ ಹಿರಿಯ ಮೇಷ್ಟ್ರು ನನ್ನ ಮುಂದೆ ನಿಂತು ಕೈ ಮುಗಿದು, "ಬಂಗಾರದಂಥ ಮನುಷ್ಯ ಅಮ್ಮ. ಆ ಒಂದು ಅಭ್ಯಾಸ ಇಲ್ಲದೇ ಇದ್ದಿದ್ರೆ..." ಎಂದರು.

"ಅವರು ಕುಡೀತಿರಲಿಲ್ಲ" ಎಂದೆ.

ಪಕ್ಕದಲ್ಲೇ ಭಾವನವರು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದರು. ನಾನು ಅವರ ಮುಖ ನೋಡಿದೆ. ಒಂದು ಮಾತು ಸಾಕಾಗಿತ್ತು. ಅವರು ಮೇಷ್ಟ್ರ ಕಡೆ ತಿರುಗಿ, "ಹೋಗ್ಲಿ ಬಿಡಿ, ಈಗ ಆ ಮಾತು ಯಾಕೆ. ತಗೊಳ್ಳಿ" ಎಂದು ತಟ್ಟೆ ಮುಂದೆ ಹಿಡಿದರು. ಮೇಷ್ಟ್ರು ವೀಳ್ಯದೆಲೆ ತೆಗೆದುಕೊಂಡು, ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದರು.

ಮಾಸಿಕ ಕಳೆದ ಮೇಲೆ ನಾನೇ ಕಾಲೇಜಿಗೆ ಹೋದೆ. ಗಂಡ ಕೊಟ್ಟ ಮಾತು ಗಂಡನ ಜೊತೆ ಹೋಯಿತು, ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಚೊಂಬನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟು ಇದ್ದದ್ದನ್ನೆಲ್ಲ ಹೇಳಿದೆ. ಅವರು ಸಭ್ಯರು. ನೀರು ತರಿಸಿಕೊಟ್ಟರು. ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ಅಮ್ಮ, ನಾವು ಯಾರಿಗೂ ಏನೂ ಹೇಳಿಲ್ಲ. ನಿಮ್ಮ ನೋವು ಅರ್ಥ ಆಗತ್ತೆ. ಆದ್ರೆ ನಿಮ್ಮ ಭಾವನವರೇ ಆವಾಗ ಬಂದಿದ್ರಲ್ಲ."

"ಯಾವಾಗ?"

"ಪ್ರಾಕ್ಟಿಕಲ್ಸ್ ಆದ ಮಾರನೇ ವಾರ. ಇಲ್ಲೇ ಕೂತು, ಕೈ ಮುಗಿದು, ಈ ಸಲ ಕ್ಷಮಿಸಿ, ಕೆಲಸಕ್ಕೆ ತೊಂದರೆ ಮಾಡಬೇಡಿ, ನಾನು ಬುದ್ಧಿ ಹೇಳಿ ಬಿಡಿಸ್ತೀನಿ ಅಂದ್ರು. ಮನೆಯ ಹಿರಿಯರೇ ಬಂದು ಒಪ್ಪಿಕೊಂಡ ಮೇಲೆ..."

"ಆಮೇಲೆ ಇನ್ನೊಂದು ಸಲ ಬಂದಿದ್ರಾ?"

"ಇಲ್ಲಮ್ಮ."

ನಮ್ಮ ಮನೆಯಲ್ಲಿ ಊಟ ಮಾಡಿ, ಸಾರು ಚೆನ್ನಾಗಿದೆ ಎಂದು ಹೋದವರು, ಅದೇ ವಾರ ಇಲ್ಲಿ ಬಂದು ಕೂತಿದ್ದರು. ಆಗ ಅವರಿಗೆ ತಮ್ಮ ಕುಡಿಯುತ್ತಾನೆ ಎಂದೇ ನಂಬಿಕೆಯಿತ್ತು, ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಅದನ್ನು ಕ್ಷಮಿಸಬಹುದಿತ್ತು. ಚೊಂಬಿನ ಸತ್ಯ ತಿಳಿದ ಮೇಲೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಹೋಗಲಿಲ್ಲವಲ್ಲ, ಅದು ಬೇರೆ.

ಪ್ರಿನ್ಸಿಪಾಲರು ಚೊಂಬನ್ನು ಕೈಯಲ್ಲೆತ್ತಿ ಭಾರ ನೋಡಿ ಕೆಳಗಿಟ್ಟರು. ನನ್ನ ಗಂಡನ ಜಾಗಕ್ಕೆ ಬಂದಿದ್ದ ಹೊಸ ಮೇಷ್ಟ್ರನ್ನು ಕರೆಸಿ, ಬೇಕಾದರೆ ಪರೀಕ್ಷೆ ಮಾಡಿಸುತ್ತೇನೆ ಎಂದರು. ಸೀಸವೇ ಬರುತ್ತದೆ, ನನಗೆ ಗೊತ್ತು. ಅದರಿಂದ ಚೊಂಬು ಏನೆಂದು ಗೊತ್ತಾಗುತ್ತದೆ, ಮೈಸೂರಿನ ಚೀಟಿಯಿಂದ ರಕ್ತದಲ್ಲಿ ಏನಿತ್ತೆಂದು ಗೊತ್ತಾಗುತ್ತದೆ, ಅವರು ಕುಡಿಯುತ್ತಿರಲಿಲ್ಲ ಎಂದು ಎರಡೂ ಹೇಳುವುದಿಲ್ಲ. ಗಂಡನ ಮರ್ಯಾದೆಗಾಗಿ ಹೆಂಡತಿ ಒಂದು ಪಾತ್ರೆ ಹುಡುಕಿಕೊಂಡು ಬಂದಳು ಎಂದುಕೊಳ್ಳುವವರಿಗೆ ಯಾವ ಹಳದಿ ತೋರಿಸಿದರೂ ಅಷ್ಟೇ. ಚೊಂಬನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅದು ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಗುಜರಿಗೆ ಹಾಕಿದರೆ ಯಾರಾದರೂ ಉಜ್ಜಿ ಹೊಳಪು ಮಾಡಿ ಇನ್ನೊಬ್ಬರಿಗೆ ಮಾರುತ್ತಾರೆ, ಅದಕ್ಕೆ ಹಾಕಿಲ್ಲ. ಓರಗಿತ್ತಿಯಿಂದ ಅಂದು ತಂದ ಅತ್ತೆಯವರ ತವರದ ಗಟ್ಟಿ ದೇವರ ಮನೆಯಲ್ಲಿದೆ. ಸಾರು ನಾನು ಮಾಡುವುದಿಲ್ಲ, ಕುಡಿಯುವವರು ಯಾರೂ ಇಲ್ಲ.

ಮೊನ್ನೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಭಾವನವರು ಸಿಕ್ಕಿದರು. ಯಾವುದೋ ಹಳ್ಳಿಯಲ್ಲಿ ತಿಥಿ ಮಾಡಿಸಿಕೊಂಡು ಬರುತ್ತಿದ್ದರು. ಚೆನ್ನಾಗಿದೀಯೇನಮ್ಮ ಎಂದು ಕೇಳಿದರು. ಕಾಲೇಜಿಗೆ ಯಾವಾಗ ಹೋಗ್ತೀರಿ ಭಾವ ಎಂದು ನಾನೂ ಕೇಳಿದೆ, ಸಿಕ್ಕಾಗಲೆಲ್ಲ ಕೇಳುವ ಹಾಗೆ. "ಹೋಗೋಣ ಹೋಗೋಣ, ಒಂದು ಒಳ್ಳೆ ದಿನ ನೋಡಿ" ಎಂದರು. ಅಷ್ಟರಲ್ಲಿ ನರಸೀಪುರದ ಬಸ್ಸು ಬಂತು, ಹತ್ತಿಕೊಂಡರು. ಆ ಬಸ್ಸು ಕಾಲೇಜಿನ ಮುಂದೆಯೇ ಹೋಗುತ್ತದೆ.

ನನ್ನ ತಮ್ಮ ಕುಡಿಯುತ್ತಿರಲಿಲ್ಲ ಎಂದು ಅವರು ಇನ್ನೂ ಅಲ್ಲಿ ಹೋಗಿ ಹೇಳಿಲ್ಲ.